ವರ್ಷದವರ ಊಟ

ನಮ್ಮೂರಿನಲ್ಲಿ ಸತ್ತವರು ಆ ವರ್ಷದ ಕ್ರಿಸ್ಮಸ್ ದಿನ ಒಮ್ಮೆ ಊಟಕ್ಕೆ ಬರುತ್ತಾರೆ. ಅವರನ್ನು ವರ್ಷದವರು ಎನ್ನುತ್ತೇವೆ. ಮಧ್ಯಾಹ್ನ ಸ್ಮಶಾನದ ಬೀದಿಯಿಂದ ನಡೆದು ಬರುತ್ತಾರೆ, ಯಾವುದಾದರೂ ಒಂದು ಮನೆಗೆ ಹೋಗಿ ಕೂರುತ್ತಾರೆ, ಉಣ್ಣುತ್ತಾರೆ, ಎದ್ದು ಹೋಗುತ್ತಾರೆ. ಮಾತಾಡುವುದಿಲ್ಲ. ಕರೆದರೆ ಕೇಳಿಸುವುದಿಲ್ಲ. ಬದುಕಿದ್ದಾಗ ಇಷ್ಟವಾಗಿದ್ದ ಅಡಿಗೆಯ ವಾಸನೆ ಎಲ್ಲಿಂದ ಬರುತ್ತದೋ ಆ ಮನೆಗೆ ಹೋಗುತ್ತಾರೆ. ಮುಂದಿನ ವರ್ಷ ಬರುವುದಿಲ್ಲ.

ಆ ದಿನ ಬಸ್ಸು ಊರ ಹೊರಗೇ ನಿಲ್ಲುತ್ತದೆ. ನಾಯಿಗಳನ್ನು ಕಟ್ಟಿಹಾಕುತ್ತಾರೆ. ಚರ್ಚಿನಲ್ಲಿ ಗುರುಗಳು ಪ್ರಸಂಗ ಮೊಟಕುಮಾಡಿ ಪೂಜೆ ಬೇಗ ಮುಗಿಸುತ್ತಾರೆ. ಸಾವಾಗದ ಮನೆಯವರು ಬರೀ ಮೊಸರನ್ನ ಉಣ್ಣುತ್ತಾರೆ, ಒಗ್ಗರಣೆ ಹಾಕುವುದಿಲ್ಲ. ಬೇರೆಯವರ ವಾಸನೆಗೆ ಅಡ್ಡ ಬರಬಾರದಲ್ಲ. ಸಾವಾದ ಮನೆಯವರು ಕಿಟಕಿ ಬಾಗಿಲು ತೆರೆದಿಟ್ಟು, ಮೊರದಿಂದ ಒಲೆಯ ಹಬೆಯನ್ನು ಬೀದಿಗೆ ಬೀಸುತ್ತಾರೆ. ವರ್ಷದವರು ಉಂಡ ಮನೆಯಲ್ಲಿ ಮುಂದಿನ ಕ್ರಿಸ್ಮಸ್‌ವರೆಗೆ ಏನೂ ಕಡಿಮೆಯಾಗುವುದಿಲ್ಲ. ಬಾವಿ ಬತ್ತುವುದಿಲ್ಲ, ಹಾಲು ಒಡೆಯುವುದಿಲ್ಲ, ಅಕ್ಕಿಯ ಡಬ್ಬಿಯ ತಳ ಕಾಣುವುದಿಲ್ಲ. ಸಾವು ಎಲ್ಲರ ಮನೆಗೂ ಬರುವುದರಿಂದ ಈ ಸುಖವೂ ಎಲ್ಲರಿಗೂ ಸರದಿಯ ಮೇಲೆ ಸಿಗುತ್ತಿತ್ತು.

ಇದನ್ನು ತಪ್ಪಿಸಿದವರು ಹಂಚಿನ ಕಾರ್ಖಾನೆಯ ಇನ್ನಾಸಪ್ಪ ಸಾಹುಕಾರರು. ಕಾರ್ಖಾನೆಯ ಪಕ್ಕದಲ್ಲಿ ಒಂದು ಉದ್ದನೆಯ ಊಟದ ಹಾಲ್ ಕಟ್ಟಿಸಿ, ಒಳಗೆ ಬೆಂಚು ಹಾಕಿಸಿದರು. ಸುತ್ತ ಎತ್ತರದ ಗೋಡೆ, ಕಬ್ಬಿಣದ ಗೇಟು. ಯಾರು ಸತ್ತರೂ ಬಾಳೆಹಣ್ಣು ಹಿಡಿದು ಅವರ ಮನೆಗೆ ಮೊದಲು ಹೋಗುತ್ತಿದ್ದವರು ಅವರು. ಮನೆಯವರ ಕೈ ಹಿಡಿದು ಕೂರುವರು, ಅಳುವರು. ಅಳುತ್ತಲೇ, "ಪಾಪ, ಏನ್ ತಿನ್ತಿದ್ರು? ಯಾವ್ದು ಇಷ್ಟ ಅವ್ರಿಗೆ?" ಎಂದು ಕೇಳುವರು. ದುಃಖದಲ್ಲಿರುವವರಿಗೆ ಅದನ್ನು ಹೇಳುವುದೇ ಒಂದು ಸಮಾಧಾನ. ಕ್ರಿಸ್ಮಸ್ ದಿನ ಕಾರ್ಖಾನೆಯ ದೊಡ್ಡ ಒಲೆಗಳ ಮೇಲೆ ಅಷ್ಟೂ ಅಡಿಗೆ ಬೇಯುತ್ತಿತ್ತು. ಅಷ್ಟು ದೊಡ್ಡ ವಾಸನೆಯ ಎದುರು ಮನೆಯ ಸಣ್ಣ ಪಾತ್ರೆಯ ವಾಸನೆ ಎಲ್ಲಿ ನಿಲ್ಲುತ್ತದೆ? ಮನೆಮನೆಗಳಲ್ಲಿ ಬಡಿಸಿಟ್ಟ ತಟ್ಟೆ ಹಾಗೇ ಆರುತ್ತಿತ್ತು. ಜನ ಹೋಗಿ ಗೇಟಿನ ಹೊರಗೆ ನಿಲ್ಲುತ್ತಿದ್ದರು. ಮರುದಿನ ಅದೇ ಗೇಟಿನಿಂದ ಕೆಲಸಕ್ಕೆ ಹೋಗಬೇಕಾದವರು, ಕೂಗಾಡುತ್ತಿರಲಿಲ್ಲ.

ನನ್ನ ಗಂಡ ಜಕರಿ ಜುಲೈನಲ್ಲಿ ಜ್ವರ ಬಂದು ಸತ್ತ. ಆಗಲೂ ಸಾಹುಕಾರರು ಬಾಳೆಹಣ್ಣು ಹಿಡಿದು ಬಂದರು. ನಾನು ಏನೂ ಹೇಳಲಿಲ್ಲ. ಜಾಣತನದಿಂದಲ್ಲ, ಆಗ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆಮೇಲೆ ಅವರ ಹೆಂಡತಿ ಲೂರ್ದಮ್ಮ ಬರತೊಡಗಿದರು. ಮಧ್ಯಾಹ್ನ ಬಂದು ಅಡಿಗೆಮನೆಯ ಗೋಡೆಗೆ ಒರಗಿ ಕೂರುವರು. ಒಂದು ಲೋಟ ನೀರು ಕೇಳುವರು. ಏನೂ ವಿಚಾರಿಸುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಸಹಿಸಿಕೊಂಡ ಒಬ್ಬರೇ ಮನುಷ್ಯರು ಅವರು. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವರೂ ಏಳಲಿಲ್ಲ.

ಹಬ್ಬಕ್ಕೆ ಎರಡು ದಿನ ಇದ್ದಾಗ ಸಂಜೆ ಸಾಹುಕಾರರು ಬಂದರು. ಕೈಯಲ್ಲಿ ಬಾಳೆಹಣ್ಣು ಇರಲಿಲ್ಲ. ಹೊಸ್ತಿಲ ಮೇಲೇ ಕೂತರು.

"ಲೂರ್ದು ಇಲ್ಲಿ ಬಂದು ಕೂತ್ಕೊತಿದ್ಲಂತೆ."

"ಹೌದು."

"ಏನ್ ಕೊಡ್ತಿದ್ದೆ ತಿನ್ನಾಕೆ?"

"ಏನೂ ಇಲ್ಲ. ನೀರು ಕೇಳೋರು, ಕೊಡ್ತಿದ್ದೆ."

"ಸುಳ್ಳೇಳ್ಬ್ಯಾಡ ಕೂಸೇ. ಬರೀ ನೀರ್ ಕುಡಿಯಾಕೆ ಅಷ್ಟ್ ದೂರದಿಂದ ಯಾರಾದ್ರೂ ಬತ್ತಾರಾ? ನಮ್ಮನೇಲಿ ಬಾವಿ ಇಲ್ವಾ?"

"ನಿಮ್ಮ ಹೆಂಡತಿ ಏನು ತಿಂತಿದ್ರು ಅಂತ ನನ್ನ ಕೇಳ್ತೀರಲ್ಲ ಸಾಹುಕಾರ್ರೇ."

ಅವರು ಬೀದಿ ನೋಡುತ್ತ ಹೇಳಿದರು, "ನನ್ ಮುಂದೆ ಅವ್ಳು ಯಾವತ್ತೂ ಉಂಡಿಲ್ಲ. ಬಡಿಸೋಳು. ನಾ ಎದ್ದು ಕೈ ತೊಳ್ದ ಮ್ಯಾಕೆ ಒಳಿಕ್ಕೋಗೋಳು. ಊರೋರ್ದೆಲ್ಲ ಗೊತ್ತು ನಂಗೆ, ಇವ್ಳದ್ದೊಂದು ಗೊತ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೋಡು, ನೀ ಅದೊಂದ್ ಹೇಳ್ಬುಡು. ನಿನ್ ಗಂಡನ್ ಅಡಿಗೆ ನನ್ ಒಲೆ ಮೇಲೆ ಇಡಾಕಿಲ್ಲ. ಅವ್ನು ನಿನ್ ಮನೆಗೇ ಬರ್ಲಿ."

"ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೇಳ್ತಿದ್ದೆ."

ಅವರು ನಂಬಲಿಲ್ಲ. ಎದ್ದು ಪಂಚೆ ಕೊಡವಿಕೊಂಡರು. "ಆಯ್ತು. ಜಕರಿಗೆ ಏನ್ ಇಷ್ಟ ಅಂತ ನಂಗೆ ಗೊತ್ತು. ನಿಂಗೊತ್ತಾ?"

ನನಗೆ ಗೊತ್ತು ಎಂದುಕೊಂಡಿದ್ದೆ. ಕುರಿಮಾಂಸದ ಸಾರು. ಭಾನುವಾರ ನಾನು ಮಾಡಿದಾಗ ತಟ್ಟೆ ಬಳಿದು ಉಣ್ಣುತ್ತಿದ್ದ. ಆದರೂ ಸಾಹುಕಾರರು ಆ ಪ್ರಶ್ನೆ ಕೇಳಿದ ರೀತಿ ನನ್ನನ್ನು ಕೂರಗೊಡಲಿಲ್ಲ. ಚೌರಮ್ಮನ ಮನೆಗೆ ಹೋದೆ. ತಾಯಿ ಇಲ್ಲದ ಜಕರಿಯನ್ನು ಸಾಕಿದ ದೊಡ್ಡಮ್ಮ ಅವಳು, ನಾನೂ ದೊಡ್ಡಮ್ಮ ಎಂದೇ ಕರೆಯುವುದು. ಸಾಹುಕಾರರ ಮನೆಯ ಅಡಿಗೆ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ದೊಡ್ಡಮ್ಮ, ಜಕರಿಗೆ ಏನಿಷ್ಟ ಅಂತ ಸಾಹುಕಾರ್ರಿಗೆ ಯಾರು ಹೇಳಿದ್ದು?"

"ನಾನೇ ಕಣವ್ವ. ಬಂದು ಕೈ ಹಿಡ್ಕೊಂಡ್ ಅತ್ರು. ಅವ್ರ ಮೂಗು ಸೋರಾದ್ ನೋಡಿ ನಂಗೂ ಅಳು ಬಂತು. ಬಾಯಿಗ್ ಬಂದಿದ್ದ ಹೇಳ್ಬುಟ್ಟೆ."

"ಏನು ಹೇಳಿದೆ?"

"ಒಣಮೀನು."

"ಅವನು ಒಣಮೀನು ತಿಂತಿರಲಿಲ್ಲ."

"ನಿನ್ ಮುಂದೆ ತಿನ್ತಿರ್ಲಿಲ್ಲ. ನಿಂಗೆ ವಾಸ್ನೆ ಆಗಾಕಿಲ್ಲ ಅಂತ. ಇಲ್ಲಿ ಬಂದು ಕೆಂಡದ್ ಮೇಲೆ ಸುಟ್ಕೊಂಡು, ಬೆಳ್ಳುಳ್ಳಿ ಕಾರದಲ್ಲಿ ಹೊರಳ್ಸಿ ತಿನ್ನೋನು. ತಿಂದು ಸೀಗೆಪುಡೀಲಿ ಕೈ ತೊಳ್ಕೊಂಡು ಹೋಗೋನು, ಕಳ್ಳ." ಅವಳು ನಕ್ಕಳು, ತಕ್ಷಣ ನಗು ನಿಲ್ಲಿಸಿದಳು. "ಕುರಿ ಸಾರೂ ತಿನ್ತಿದ್ದ ಬುಡು. ನೀ ಮಾಡಿದ್ದು ಅಂತ."

ನಾನು ಹೊರಡಲು ಎದ್ದಾಗ ಸೆರಗು ಹಿಡಿದು ಎಳೆದು ಕೂರಿಸಿದಳು. ದನಿ ತಗ್ಗಿಸಿ ಹೇಳಿದಳು, "ಇನ್ನೊಂದೈತೆ. ಈ ಸಾರಿ ಅವ್ರನ್ನ ಏಳಕ್ ಬುಡಾಕಿಲ್ವಂತೆ. ತಟ್ಟೇಲಿ ಇರೋದ ಬುಟ್ಟು ಅವ್ರು ಏಳಾಕಿಲ್ವಲ್ಲ, ಅದ್ಕೇ ಖಾಲಿ ಆಗೋಕ್ ಮುಂಚೇನೇ ಬಡಿಸ್ತಾ ಇರ್ಬೇಕಂತೆ. ಎದ್ರೆ ತಾನೆ ಒಂದೇ ವರ್ಷದ್ ಲಾಭ? ಕೂತೇ ಇದ್ರೆ ಮುಗಿಯೋದೇ ಇಲ್ಲ ಅಂತಾರೆ. ನಾಕ್ ದಿನಕ್ ಆಗೋಷ್ಟು ಸೌದೆ ಒಟ್ಟವ್ರೆ."

"ನೀನೂ ಬಡಿಸ್ತೀಯಾ?"

"ಬಡಿಸ್ದೇ? ನೀ ಹಾಕ್ತೀಯಾ ನಂಗೆ ಅನ್ನ?"

ಮರುದಿನ ಸಂತೆಗೆ ಹೋದೆ. ಊರಿನಲ್ಲಿ ಒಣಮೀನು ಇರಲಿಲ್ಲ. ಅಂಗಡಿಯವನು ಖಾಲಿ ಚೀಲ ಕೊಡವಿ ತೋರಿಸಿದ. ಸಾಹುಕಾರರ ಮನೆಯವರು ಮೂಟೆಗಟ್ಟಲೆ ಎತ್ತಿಸಿಕೊಂಡು ಹೋಗಿದ್ದರು. ನಾನು ಕುರಿಮಾಂಸ ತೆಗೆದುಕೊಂಡೆ.

ಹಬ್ಬದ ದಿನ ಪೂಜೆ ಮುಗಿಸಿ ಬಂದು ಸಾರು ಕುದಿಯಲು ಇಟ್ಟೆ, ಇನ್ನೊಂದು ಒಲೆಯ ಮೇಲೆ ಅನ್ನ. ಮಧ್ಯಾಹ್ನ ಬೀದಿಯಲ್ಲಿ ಸದ್ದು ಅಡಗಿತು. ಬಾಗಿಲಿಗೆ ಬಂದು ನಿಂತೆ. ವರ್ಷದವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಕಾರ್ಖಾನೆಯ ಕಡೆಯಿಂದ ತುಪ್ಪ, ಹುರಿದ ಮಸಾಲೆ, ಬೆಲ್ಲದ ಪಾಕ ಎಲ್ಲ ಸೇರಿದ ಗಾಳಿ ಬರುತ್ತಿತ್ತು. ಅದರ ನಡುವೆ ಒಣಮೀನಿನ ವಾಸನೆ ಒಂದು ದಾರದ ಹಾಗೆ ಬೇರೆಯಾಗಿ ತಿಳಿಯುತ್ತಿತ್ತು.

ಜಕರಿ ಬಂದ. ಪೆಟ್ಟಿಗೆಯಲ್ಲಿ ಮಲಗಿಸುವಾಗ ತೊಡಿಸಿದ್ದ ಮದುವೆಯ ಕೋಟು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ತೊಡಿಸುವುದನ್ನು ಮರೆತಿದ್ದೆವು. ನಮ್ಮ ಹೊಸ್ತಿಲ ಎದುರು ಅವನ ನಡಿಗೆ ನಿಧಾನವಾಯಿತು. ತಲೆ ಇತ್ತ ತಿರುಗಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟ. ನಾನು ಮೊರದಿಂದ ಬೀಸಲಿಲ್ಲ, ಕೈ ಆಡಲಿಲ್ಲ. ಅವನು ಹಾಗೇ ಗಾಳಿ ಮೂಸುತ್ತ ನಿಂತ. ಆಮೇಲೆ ಕಾಲು ಇಳಿಸಿ ಕಾರ್ಖಾನೆಯ ಕಡೆ ಹೋದ. ಕೋಟಿನ ಬೆನ್ನಿಗೆ ಮಣ್ಣು ಮೆತ್ತಿತ್ತು.

ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಹೊಗೆ ಬಂತು. ಅನ್ನ ತಳ ಹಿಡಿದು ಸೀದುಹೋಗಿತ್ತು. ಓಡಿಹೋಗಿ ಪಾತ್ರೆ ಇಳಿಸಿ ತಿರುಗಿದರೆ ಲೂರ್ದಮ್ಮ ಅಡಿಗೆಮನೆಯೊಳಗೆ ನಿಂತಿದ್ದರು.

ಬಂದವರಿಗೆ ಬಡಿಸಬೇಕು. ತಟ್ಟೆ ಇಟ್ಟು, ಮೇಲಿನ ಬಿಳಿ ಅನ್ನ ಹಾಕಿ ಸಾರು ಬಿಟ್ಟೆ. ಅವರು ಮುಟ್ಟಲಿಲ್ಲ. ಒಲೆಯ ಪಕ್ಕದ ಪಾತ್ರೆಯನ್ನೇ ನೋಡುತ್ತಿದ್ದರು. ತಟ್ಟೆ ಹಿಂದೆ ತೆಗೆದುಕೊಂಡು, ಉಳಿದ ಬಿಳಿ ಅನ್ನವನ್ನು ಬೇರೆ ಪಾತ್ರೆಗೆ ಹಾಕಿ, ಸೀದ ಪಾತ್ರೆಯನ್ನೇ ಎತ್ತಿ ಮುಂದಿಟ್ಟೆ. ಅವರು ಅದನ್ನು ತೊಡೆಯ ಮೇಲೆ ಓರೆ ಮಾಡಿಕೊಂಡು, ಬೆರಳುಗುರಿನಿಂದ ತಳ ಕೆರೆದು, ಕಪ್ಪಗಾದ ಹಕ್ಕಳೆ ಬಿಡಿಸಿ ಬಾಯಿಗೆ ಹಾಕಿಕೊಂಡರು. ಮುಖ ಸಡಿಲವಾಯಿತು. ಕೆರೆದರು, ತಿಂದರು, ಮತ್ತೆ ಕೆರೆದರು.

ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ. ಬೀದಿಯಲ್ಲಿ ಯಾರೋ ಓಡಿಬರುವ ಸದ್ದಾಯಿತು. ಹೊರಗೆ ಬಂದೆ. ಇನ್ನಾಸಪ್ಪ ಸಾಹುಕಾರರು ಒಂದೊಂದೇ ಮನೆಯ ಬಾಗಿಲಲ್ಲಿ ಇಣುಕುತ್ತ ಬರುತ್ತಿದ್ದರು. ರೇಷ್ಮೆ ಶಲ್ಯ ಒಂದು ಕಡೆ ಜೋತಾಡುತ್ತಿತ್ತು. ಊಟದ ಹಾಲ್‌ನಲ್ಲಿ ಹೆಂಡತಿಗಾಗಿ ಕೋಳಿ ಪಲಾವು, ಕಜ್ಜಾಯ, ಏನೇನೋ ಮಾಡಿಸಿ ಬಡಿಸಿಟ್ಟ ತಟ್ಟೆಯ ಮುಂದೆ ಯಾರೂ ಬಂದು ಕೂತಿರಲಿಲ್ಲ ಎಂದು ಆಮೇಲೆ ತಿಳಿಯಿತು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಇಲ್ಲೇ ಅವ್ಳಾ?"

ನಾನು ಬಾಗಿಲಿನ ಎರಡೂ ಕಡೆ ಕೈ ಊರಿ ನಿಂತೆ.

"ಗೊತ್ತಿಲ್ಲ ಅಂದ್ಯಲ್ಲೇ! ದಾರಿ ಬುಡು."

"ಗೇಟು ತೆಗೆಸಿ."

"ಮೊದ್ಲು ದಾರಿ ಬುಡು."

"ನನ್ನ ಗಂಡ ಒಳಗಿದ್ದಾನೆ. ಅವನನ್ನು ಕೂಡಿಹಾಕಿ ತಿನ್ನಿಸ್ತಾ ಇದ್ದೀರಿ. ಗೇಟು ತೆಗೆಸಿ, ಬಡಿಸೋದು ನಿಲ್ಲಿಸಿ."

ಅವರು ನನಗಿಂತ ಎರಡು ಪಟ್ಟು ಇದ್ದರು. ತಳ್ಳಿದ್ದರೆ ನಾನು ಬೀಳುತ್ತಿದ್ದೆ. ಒಂದು ಕೈ ನನ್ನ ಭುಜದವರೆಗೂ ಬಂತು. ಆಗ ಒಳಗಿನಿಂದ ಕೆರೆಯುವ ಸದ್ದು ಕೇಳಿಸಿತು. ಕೈ ಅಲ್ಲೇ ನಿಂತಿತು.

"ಏನದು?"

"ಊಟ ಮಾಡ್ತಿದ್ದಾರೆ."

"ಏನ್ ಹಾಕಿದ್ದೀಯಾ?"

"ಸೀದ ಅನ್ನ. ಪಾತ್ರೆ ತಳದ್ದು."

"ನಾಯಿಗ್ ಹಾಕ್ದಂಗೆ! ಮಾಂಸ ಬೇಯ್ಸಿದ್ದೀಯಲ್ಲ, ಅದ ಹಾಕಾಕೆ ಏನ್ ರೋಗ?"

"ಹಾಕಿದೆ. ಮುಟ್ಟಲಿಲ್ಲ."

ಮತ್ತೆ ಆ ಸದ್ದು ಬಂತು, ಕರ್ ಕರ್ ಎಂದು, ನಡುನಡುವೆ ನಿಂತು. ಅವರು ತಲೆ ವಾಲಿಸಿ ಕೇಳಿದರು.

"ಈ ಸದ್ದು," ಎಂದರು. "ದಿನಾ ಉಂಡು ಹೋಗಿ ಮಲಗ್ತಿದ್ನಲ್ಲ, ಆಗ ಕೇಳ್ತಿತ್ತು. ಪಾತ್ರೆ ಉಜ್ತಾವ್ಳೆ ಅಂದ್ಕೊತಿದ್ದೆ. ಬೈತಿದ್ದೆ, ನಿದ್ದೆ ಬರಾಕಿಲ್ಲ ನಿಲ್ಸೇ ಅಂತ. ನಿಲ್ಸೋಳು," ಎಂದರು.

ನಾನು ಕೈ ತೆಗೆಯಲಿಲ್ಲ. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ಒಣಮೀನಿನ ವಾಸನೆ ಇನ್ನೂ ಬರುತ್ತಿತ್ತು, ಅದರ ಅರ್ಥ ಅಲ್ಲಿ ಇನ್ನೂ ಸುಡುತ್ತಿದ್ದಾರೆ ಎಂದು.

"ಕೂಸೇ, ಇನ್ನೊಂದಿಷ್ಟು ಅಕ್ಕಿ ಇಡು. ಸೀಯ್ಸು. ಅದ ಮುಗ್ಸೋಷ್ಟ್ರಲ್ಲಿ ಇನ್ನೊಂದ್ ಪಾತ್ರೆ ಇಡಾನ. ಸೌದೆ ನಾ ಕಳಿಸ್ತೀನಿ."

"ಅಲ್ಲಿ ಅವರನ್ನೆಲ್ಲ ಕೂರಿಸಿದ್ದೀರಲ್ಲ, ಹಾಗೆಯಾ?"

ಅವರು ನನ್ನನ್ನು ನೋಡಿದರು. ಏಟು ತಿಂದವರ ಹಾಗೆ ಕಣ್ಣು ಪಿಳುಕಿಸಿದರು. ನನ್ನ ತೋಳಿನ ಕೆಳಗಿನಿಂದ ಬಗ್ಗಿ ಒಳಗೆ ನೋಡಿದರು. ಲೂರ್ದಮ್ಮ ಪಾತ್ರೆಯನ್ನು ಇನ್ನೂ ಓರೆ ಮಾಡಿಕೊಂಡಿದ್ದರು. ಇನ್ನು ಸ್ವಲ್ಪವೇ ಉಳಿದಿರಬೇಕು, ಸದ್ದು ತೆಳುವಾಗಿತ್ತು.

ಸಾಹುಕಾರರು ಸೊಂಟದಿಂದ ಗೇಟಿನ ಬೀಗದ ಕೈ ಬಿಚ್ಚಲು ಹೋದರು. ಗಂಟು ಬಿಡಲಿಲ್ಲ, ದಾರವನ್ನೇ ಕಿತ್ತು ನನ್ನ ಕೈಗೆ ತುರುಕಿದರು.

"ಸೌಟು ಇಳ್ಸಿ ಅಂತ ಹೇಳು. ನಾ ಹೇಳ್ದೆ ಅನ್ನು. ಹೋಗು."

ನಾನು ಕೈ ತೆಗೆದೆ. ಅವರು ಒಳಗೆ ಹೋಗಿ, ಹೆಂಡತಿಯ ಎದುರು, ನೆಲದ ಮೇಲೆ ಕೂತುದನ್ನು ನೋಡಿ ಓಡಿದೆ.

ಗೇಟಿನ ಹೊರಗೆ ಜನ ತುಂಬಿದ್ದರು. ಕೈಯಲ್ಲಿದ್ದುದನ್ನು ನೋಡಿ ದಾರಿ ಬಿಟ್ಟರು. ಕಾವಲುಗಾರ ಅಡ್ಡ ಬಂದ.

"ಸಾಹುಕಾರ್ರು ಎಲ್ಲಿ?"

"ಹೆಂಡತಿ ಹತ್ತಿರ."

ಅವನು ಶಿಲುಬೆಯ ಗುರುತು ಮಾಡಿಕೊಂಡು ಪಕ್ಕಕ್ಕೆ ಸರಿದ. ಬೀಗ ತೆಗೆದೆ.

ಹಾಲ್‌ನಲ್ಲಿ ಬೆಂಚುಗಳ ಮೇಲೆ ವರ್ಷದವರು ಸಾಲಾಗಿ ಕೂತಿದ್ದರು. ಮುದುಕರು, ಒಬ್ಬಳು ಬಾಣಂತಿ, ಶಾಲೆಯ ಸಮವಸ್ತ್ರದಲ್ಲಿದ್ದ ಒಂದು ಹುಡುಗಿ. ಎಲ್ಲರೂ ಒಂದೇ ಸಮನೆ ತಿನ್ನುತ್ತಿದ್ದರು. ಬಾಯಿಯ ಇಕ್ಕೆಲದಿಂದ ಎಣ್ಣೆ ಇಳಿಯುತ್ತಿತ್ತು. ನುಂಗುವುದಕ್ಕೆ ಕತ್ತು ಚಾಚಬೇಕಾಗುತ್ತಿತ್ತು. ಕೈಗಳು ಸೋತಿದ್ದವು, ಆದರೂ ತಟ್ಟೆಗೆ ಇಳಿಯುತ್ತಿದ್ದವು. ಬಡಿಸುವವರು ಅವರ ಮುಖ ನೋಡದೆ ಬಡಿಸುತ್ತಿದ್ದರು. ಚೌರಮ್ಮ ಅಳುತ್ತ ಬಡಿಸುತ್ತಿದ್ದಳು.

"ಸಾಕಂತೆ. ಸಾಹುಕಾರ್ರು ಹೇಳಿದ್ದಾರೆ, ಸೌಟು ಇಳಿಸಬೇಕಂತೆ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಸೌಟುಗಳು ಇಳಿದವು. ಯಾರೋ ಸೌಟನ್ನು ಗೋಡೆಗೆ ಎಸೆದರು. ಹಿಂದಿನಿಂದ ಜನ ನುಗ್ಗಿ ಬಂದು ತಮ್ಮತಮ್ಮವರನ್ನು ಹುಡುಕಿಕೊಂಡು ಬೆಂಚಿನ ಹತ್ತಿರ ಕೂತರು. ಸಮವಸ್ತ್ರದ ಹುಡುಗಿಯ ತಂದೆ ತನ್ನ ಅಂಗಿಯ ತುದಿಯಿಂದಲೇ ಅವಳ ಬಾಯಿ ಒರೆಸಿದ.

ನಾನು ಜಕರಿಯ ಎದುರು ಕೂತೆ. ಅವನು ಒಣಮೀನನ್ನು ತಲೆಯ ಕಡೆಯಿಂದ ಕಚ್ಚಿ, ಮುಳ್ಳನ್ನು ನಾಲಿಗೆಯಿಂದ ಬೇರೆ ಮಾಡಿ ತಟ್ಟೆಯ ಅಂಚಿಗೆ ಇಡುತ್ತಿದ್ದ. ಅಷ್ಟು ದಣಿದಿದ್ದರೂ ಬೆರಳು ಚೀಪುತ್ತಿದ್ದ. ಹೀಗೆ ಉಣ್ಣುವ ಈ ಮನುಷ್ಯನನ್ನು ನಾನು ನೋಡಿರಲಿಲ್ಲ. ನನಗೆ ಆಗದ ಆ ವಾಸನೆ ಮೂಗಿಗೆ ಬಡಿಯಿತು. ಹತ್ತಿರ ಸರಿದು ಕೂತೆ.

ತಟ್ಟೆಯಲ್ಲಿ ಎರಡು ಮೀನು ಉಳಿದಿದ್ದವು. ಚೌರಮ್ಮ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. ಅವಳ ಕೈಯಲ್ಲಿ ಬೋಗುಣಿ ಇತ್ತು.

"ಇನ್ನೂ ಐತೆ ಕಣವ್ವ. ನೀನೇ ಹಾಕು. ನಿನ್ನ ಯಾರೂ ಏನೂ ಅನ್ನಾಕಿಲ್ಲ. ಕತ್ತಲಾಗೋಗಂಟ ಇರ್ತಾನೆ."

ಬೋಗುಣಿ ತೆಗೆದುಕೊಂಡೆ. ಜುಲೈನಿಂದ ಈಚೆಗೆ ನನಗೆ ಏನೂ ಬೇಕು ಅನ್ನಿಸಿರಲಿಲ್ಲ. ಈಗ ಬೇಕಾಯಿತು, ಹಲ್ಲು ಕಚ್ಚಿಕೊಳ್ಳುವಷ್ಟು. ಕತ್ತಲಾಗುವವರೆಗೆ, ಬೆಳಗಾಗುವವರೆಗೆ, ಮುಂದಿನ ಕ್ರಿಸ್ಮಸ್‌ವರೆಗೆ. ಒಂದು ಮೀನು ಎತ್ತಿ ಅವನ ತಟ್ಟೆಯ ಮೇಲೆ ಹಿಡಿದೆ. ಕೈ ಬಿಟ್ಟರಾಗಿತ್ತು. ಅವನು ಒಂದನ್ನು ತಿಂದು ಮುಗಿಸಿ, ಕೊನೆಯ ಮೀನನ್ನು ಎತ್ತಲು ಹೋಗಿ ಜಾರಿಸಿದ, ಮತ್ತೆ ಎತ್ತಿದ, ಮತ್ತೆ ಜಾರಿತು. ಬೆರಳುಗಳಿಗೆ ಹಿಡಿತವಿರಲಿಲ್ಲ. ಜ್ವರದ ಕೊನೆಯ ದಿನ ನೀರಿನ ಲೋಟ ಹಿಡಿಯಲು ಹೀಗೇ ಒದ್ದಾಡಿದ್ದ.

ಮೀನನ್ನು ಬೋಗುಣಿಗೆ ಹಾಕಿ ಚೌರಮ್ಮನಿಗೆ ವಾಪಸ್ಸು ಕೊಟ್ಟೆ. ಅವಳು ನನ್ನ ನೆತ್ತಿಯ ಮೇಲೆ ಒಮ್ಮೆ ಕೈ ಇಟ್ಟು ಹೋದಳು. ತಟ್ಟೆಯಲ್ಲಿದ್ದ ಮೀನನ್ನು ಮುರಿದು, ಹಿಡಿಯಲು ಸುಲಭವಾಗುವ ಹಾಗೆ ಅವನ ಬೆರಳ ಹತ್ತಿರ ಸರಿಸಿದೆ. ಅವನು ತಿಂದ. ಮುಳ್ಳು ಅಂಚಿಗಿಟ್ಟ. ಎದ್ದ. ಬೆಂಚು ದಾಟಿ, ಜನರ ನಡುವೆ ಬರಿಗಾಲಲ್ಲಿ ನಡೆದು ಗೇಟಿನಿಂದ ಆಚೆ ಹೋದ. ನಾನು ಹಿಂದೆ ಹೋಗಲಿಲ್ಲ.

ಮನೆಗೆ ಬಂದಾಗ ಸಾಹುಕಾರರು ನಾನು ಬಿಟ್ಟು ಹೋದ ಜಾಗದಲ್ಲೇ ಇದ್ದರು. ಎದುರಿಗೆ ಯಾರೂ ಇರಲಿಲ್ಲ. ಪಾತ್ರೆಯ ತಳ ತೊಳೆದ ಹಾಗೆ ಹೊಳೆಯುತ್ತಿತ್ತು.

"ಎದ್ದೋದ್ಲು. ಒಂದಗಳೂ ಬುಡ್ಲಿಲ್ಲ," ಎಂದರು.

"ಇವನೂ ಹೋದ."

"ಸೌಟು ಇಳಿಸಿದ್ರಾ?"

"ಇಳಿಸಿದ್ರು."

ಅವರು ತಲೆಯಾಡಿಸಿದರು. ಮುಖ ಊದಿತ್ತು. ಈ ಸಲ ಅತ್ತದ್ದು ಯಾರೂ ನೋಡದ ಕಡೆ. ಗೋಡೆ ಹಿಡಿದು ಏಳಲು ಹೋಗಿ ಮತ್ತೆ ಕೂತರು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣವ್ವ," ಎಂದರು, ತಪ್ಪು ಒಪ್ಪಿಕೊಳ್ಳುವವರ ಹಾಗೆ.

ನಾನೂ ತಿಂದಿರಲಿಲ್ಲ. ಸಾರು ಆರಿತ್ತು, ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಒಲೆ ಹೊತ್ತಿಸಿ ಬಿಸಿ ಮಾಡಿದೆ. ತೆಗೆದಿಟ್ಟಿದ್ದ ಮೇಲಿನ ಅನ್ನ ಇಬ್ಬರಿಗೆ ಆಗುವಷ್ಟಿತ್ತು. ಒಂದು ತಟ್ಟೆ ತೆಗೆದು ಅವರ ಮುಂದೆ ಇಡಲು ಹೋದೆ. ಅವರು ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು.

"ಮೊದ್ಲು ನೀ ಕೂತ್ಕೊ."

"ನೀವು ಉಣ್ಣಿ, ಆಮೇಲೆ ನಾನು..."

"ಕೂತ್ಕೊ ಅಂದ್ನಲ್ಲ," ಎಂದು ಗದರಿದರು. ಆಮೇಲೆ ದನಿ ಇಳಿಸಿ, "ಕೂತ್ಕೊ ಕೂಸೇ," ಎಂದರು.

ಕೂತೆ. ಅವರಿಗೆ ಬಡಿಸಲು ಬರುತ್ತಿರಲಿಲ್ಲ. ಅನ್ನವನ್ನು ಮುಷ್ಟಿಯಲ್ಲಿ ಎತ್ತಿ ಹಾಕಿದರು. ಸೌಟನ್ನು ತಲೆಕೆಳಗೆ ಹಿಡಿದು, ಸರಿಮಾಡಿಕೊಂಡು, ಸಾರು ಬಿಟ್ಟರು. ಅದು ಅನ್ನ ದಾಟಿ ತಟ್ಟೆಯ ಅಂಚಿಗೆ ಬಂತು. ಮತ್ತೊಂದು ಸೌಟು ಎತ್ತಿದರು.

"ಸಾಕು," ಎಂದೆ.

ಅವರು ಕೈ ನಿಲ್ಲಿಸಿದರು.